ಹದಿನಾಲ್ಕನೆಯ ಪ್ರಶ್ನೆ

ಮೂವತ್ತೊಂದು ವರ್ಷ ನಾನು ಮಾಡಿದ ಕೆಲಸ ಏನೆಂದು ಒಂದೇ ಮಾತಲ್ಲಿ ಹೇಳು ಎಂದರೆ, ಜನರ ದುಃಖಕ್ಕೆ ಅಂಕ ಕೊಟ್ಟೆ ಎನ್ನಬೇಕು. ಖಿನ್ನತೆ ಮತ್ತು ಆತಂಕ ನನ್ನ ವಿಷಯ. ಯಾರಿಗೆ ಎಷ್ಟಿದೆ, ಯಾವಾಗ ಬಂತು, ಯಾವ ಚಿಕಿತ್ಸೆಗೆ ಎಷ್ಟು ಇಳಿಯಿತು, ಎರಡು ವರ್ಷದ ಮೇಲೆ ಮರಳಿ ಬಂತೇ ಎಂದು ಕೇಳುತ್ತಾ, ಬರೆದುಕೊಳ್ಳುತ್ತಾ, ಕೂಡುತ್ತಾ ಕಳೆಯುತ್ತಾ ತಲೆ ನೆರೆಯಿತು. ನಮ್ಮ ಮನೆಯಲ್ಲಿ ಇದನ್ನು ಯಾರೂ ಕೆಲಸ ಎಂದು ಒಪ್ಪಿರಲಿಲ್ಲ. ಅಣ್ಣ ನನ್ನನ್ನು ‘ಸೂಜಿ ಇಲ್ಲದ ಡಾಕ್ಟ್ರು’ ಎಂದು ಕರೆಯುತ್ತಿದ್ದ. ಹಲ್ಲುನೋವು ಅಂದರೂ ‘ಎಷ್ಟು ದಿನದಿಂದ ಹೀಗೆ ಅನ್ನಿಸುತ್ತಿದೆ?’ ಎಂದು ಕೇಳುವ ಪ್ರಾಣಿ ಇವನು ಅಂತ ಬಂದವರ ಮುಂದೆಲ್ಲ ನನ್ನ ಮರ್ಯಾದೆ ತೆಗೆಯುತ್ತಿದ್ದ.

ನನ್ನ ಹೆಸರು ನಾಲ್ಕು ಕಡೆ ಓಡಾಡಿದ್ದು ಒಂದು ಪ್ರಶ್ನಾವಳಿಯಿಂದ. ಇಪ್ಪತ್ತೊಂದು ಪ್ರಶ್ನೆ. ಕಳೆದ ಎರಡು ವಾರವನ್ನು ನೆನಪಿಗೆ ತಂದುಕೊಂಡು ಪ್ರತಿಯೊಂದಕ್ಕೂ ಗುರುತು ಹಾಕಬೇಕು: ಇಲ್ಲ, ಕೆಲವು ದಿನ, ಅರ್ಧಕ್ಕಿಂತ ಹೆಚ್ಚು ದಿನ, ಹೆಚ್ಚುಕಡಿಮೆ ದಿನವೂ. ಸೊನ್ನೆಯಿಂದ ಮೂರರವರೆಗೆ ಅಂಕ. ಇಂಥ ಪ್ರಶ್ನಾವಳಿಗಳು ಬೇಕಾದಷ್ಟಿವೆ, ಆದರೆ ನಮ್ಮದು ಗೆದ್ದದ್ದು ಹದಿನಾಲ್ಕನೆಯ ಪ್ರಶ್ನೆಯಿಂದ. ಬೇರೆಯವರ ಫಾರಂಗಳಲ್ಲಿ ಆ ಜಾಗದಲ್ಲಿ ‘ಜೀವನವನ್ನು ಅಂತ್ಯಗೊಳಿಸುವ ವಿಚಾರಗಳು ನಿಮ್ಮನ್ನು ಬಾಧಿಸಿವೆಯೇ?’ ಎಂದು ಕೋರ್ಟಿನ ಸಮನ್ಸಿನಂಥ ವಾಕ್ಯ ಇರುತ್ತಿತ್ತು. ಓದಿದವರು ಬೆಚ್ಚಿ ‘ಇಲ್ಲ’ ಎಂದು ಗುರುತು ಹಾಕಿ ಮುಂದಕ್ಕೆ ಓಡುತ್ತಿದ್ದರು. ನಮ್ಮ ಫಾರಂ ಕೇಳಿದ್ದು ಹೀಗೆ: ‘ಬೆಳಿಗ್ಗೆ ಎಚ್ಚರ ಆಗದಿದ್ದರೇ ಚೆನ್ನಾಗಿತ್ತು ಅನ್ನಿಸಿದೆಯೇ?’ ಇದಕ್ಕೆ ಜನ ನಿಜ ಹೇಳಿದರು.

ಈ ವಾಕ್ಯ ಎಲ್ಲಿ ಸಿಕ್ಕಿತು ಎಂದು ಸಮ್ಮೇಳನಗಳಲ್ಲಿ ಯಾರಾದರೂ ಕೇಳಿದರೆ ‘ನಮ್ಮ ಅತ್ತಿಗೆ ಕೊಟ್ಟಿದ್ದು’ ಎನ್ನುತ್ತಿದ್ದೆ. ಸಭೆ ನಗುತ್ತಿತ್ತು, ನಾನೂ ನಗುತ್ತಿದ್ದೆ. ಅತ್ತಿಗೆಗೆ ಅದು ಎಲ್ಲಿ ಸಿಕ್ಕಿತು ಎಂದು ಒಬ್ಬರೂ ಕೇಳಲಿಲ್ಲ.

ನಿವೃತ್ತಿಗೆ ಆರು ವಾರ ಇದ್ದಾಗ ಹಳೆಯ ದಾಖಲೆಗಳ ಕೋಣೆ ಖಾಲಿ ಮಾಡಿಕೊಡಿ ಎಂದು ನಮ್ಮ ಆಸ್ಪತ್ರೆಯ ಆಡಳಿತ ಕಚೇರಿಯಿಂದ ಚೀಟಿ ಬಂತು. ಆ ಕೋಣೆಗೆ ಒಂದು ಕಿಟಕಿ, ಒಂದು ಟ್ಯೂಬ್‌ಲೈಟು, ಗೋಡೆಯುದ್ದಕ್ಕೂ ಕಬ್ಬಿಣದ ರ‍್ಯಾಕು. ಅಧ್ಯಯನದ ಫಾರಂಗಳು ಸ್ಕ್ಯಾನಿಗೆ ಹೋಗಬೇಕು, ಟ್ರಯಲ್ ಫಾರಂಗಳು ಕಾಗದ ಚೂರು ಮಾಡುವ ಯಂತ್ರಕ್ಕೆ. ಟ್ರಯಲ್ ಫಾರಂ ಎಂದರೆ ಇಷ್ಟು: ಪ್ರಶ್ನಾವಳಿ ಅಚ್ಚಿಗೆ ಹೋಗುವ ಮೊದಲು ಹತ್ತಿಪ್ಪತ್ತು ಜನರ ಕೈಲಿ ತುಂಬಿಸಿ, ಭಾಷೆ ಅರ್ಥವಾಯಿತೇ, ಎಲ್ಲಿ ತಡವರಿಸಿದರು ಎಂದು ನೋಡುತ್ತೇವೆ. ಅಷ್ಟನ್ನೇ ನೋಡುತ್ತೇವೆ. ಅವರ ಉತ್ತರ ನಮಗೆ ಬೇಡ, ಅಂಕ ಕೂಡುವುದಿಲ್ಲ. ಚಪ್ಪಲಿ ಅಂಗಡಿಯಲ್ಲಿ ಅಳತೆಗೆ ಕಾಲು ತೂರಿಸಿ ನೋಡಿದ ಹಾಗೆ. ಕಾಲಿನಲ್ಲಿ ಗಾಯ ಇದೆಯೇ ಎಂದು ಅಂಗಡಿಯವನು ನೋಡುವುದಿಲ್ಲ.

ಕೆಳಗಿನ ಹಲಗೆಯಲ್ಲಿ ದಾರ ಕಟ್ಟಿದ ಸಣ್ಣ ಕಟ್ಟೊಂದಿತ್ತು. ಮೇಲೆ ನನ್ನದೇ ಅಕ್ಷರ: ‘ಟ್ರಯಲ್, ಮೊದಲ ಸುತ್ತು.’ ಹದಿನೇಳು ಹಾಳೆ. ಮೂರನ್ನು ಯಂತ್ರದ ಬಾಯಿಗೆ ಕೊಟ್ಟಾಗಿತ್ತು. ನಾಲ್ಕನೆಯದರ ಮೂಲೆಯಲ್ಲಿ ಅಂಟಿನ ಕಲೆ, ಪಕ್ಕದಲ್ಲಿ ಪೆನ್ಸಿಲಿನಿಂದ ‘ಅತ್ತಿಗೆ’ ಎಂದು ಬರೆದಿದ್ದೆ. ಅರೆ, ಆ ಪ್ರಸಿದ್ಧ ವಾಕ್ಯ ಹುಟ್ಟಿದ ಹಾಳೆಯಲ್ಲವೇ ಇದು, ನೆನಪಿಗೆ ಇಟ್ಟುಕೊಳ್ಳೋಣ ಎಂದು ಖುಷಿಯಿಂದಲೇ ಕಿಟಕಿಯ ಬೆಳಕಿಗೆ ಹಿಡಿದೆ. ಹದಿನಾಲ್ಕಕ್ಕೆ ನಾನೂ ಮೊದಲು ಹಾಕಿದ್ದ ಅದೇ ಸಮನ್ಸಿನ ವಾಕ್ಯಕ್ಕೆ ಅತ್ತಿಗೆ ಸ್ಕೇಲಿಟ್ಟು ನೇರವಾಗಿ ಗೆರೆ ಎಳೆದು, ಮೇಲೆ ತಮ್ಮ ಮಾತು ಬರೆದಿದ್ದರು. ಅದರ ಪಕ್ಕ ನನ್ನ ಕೆಂಪು ಶಾಯಿ: ‘ಬಹಳ ಸಹಜ! ಇದನ್ನೇ ಇಟ್ಟುಕೊಳ್ಳಬೇಕು.’ ಅಲ್ಲಿಂದ ಅರ್ಧ ಅಂಗುಲ ಬಲಕ್ಕೆ, ‘ಹೆಚ್ಚುಕಡಿಮೆ ದಿನವೂ’ ಎಂಬಲ್ಲಿ ಅತ್ತಿಗೆಯ ಗುರುತು ಇತ್ತು.

ನಿಂತಲ್ಲೇ ಇಪ್ಪತ್ತೊಂದನ್ನೂ ಕೂಡಿದೆ. ಅರವತ್ತಮೂರಕ್ಕೆ ನಲವತ್ತನಾಲ್ಕು. ಮೂವತ್ತು ದಾಟಿದರೆ ತೀವ್ರ ಖಿನ್ನತೆ ಎಂದು ಪುಸ್ತಕದಲ್ಲಿ ಬರೆದವನು ನಾನು. ಹದಿನಾಲ್ಕಕ್ಕೆ ‘ಇಲ್ಲ’ ಬಿಟ್ಟು ಬೇರೇನೇ ಹಾಕಿದ್ದರೂ ಆ ವ್ಯಕ್ತಿಯನ್ನು ಅದೇ ದಿನ ಕೂರಿಸಿಕೊಂಡು ಮಾತಾಡದೆ ಮನೆಗೆ ಕಳಿಸಕೂಡದು ಎಂದು ನಿಯಮ ಮಾಡಿದವನೂ ನಾನೇ.

ಆ ದಿನ ನನಗೆ ಚೆನ್ನಾಗಿ ನೆನಪಿದೆ. ಅಣ್ಣನದು ಫೋಟೋಗಳಿಗೆ ಫ್ರೇಮ್ ಹಾಕುವ ಅಂಗಡಿ. ಮುಂದೆ ಅಂಗಡಿ, ಹಿಂದೆ ಕೆಲಸದ ಕೋಣೆ, ಮೇಲೆ ಮನೆ. ಸಂಶೋಧನಾ ವಿದ್ಯಾರ್ಥಿಯಾಗಿದ್ದ ನಾನು ಆ ಮನೆಯಲ್ಲೇ ತಿಂದುಂಡು ಬಿದ್ದುಕೊಂಡಿದ್ದೆ. ಅಣ್ಣ ಮುಂದೆ ಗಾಜು ಕೊಯ್ಯುತ್ತಿದ್ದ. ಅತ್ತಿಗೆ ಹಿಂದಿನ ಕೋಣೆಯ ಉದ್ದನೆ ಮೇಜಿನ ಮೇಲೆ ಫೋಟೋದ ಸುತ್ತ ಕೂರಿಸುವ ರಟ್ಟು ಕತ್ತರಿಸುತ್ತಿದ್ದರು. ಎಂಟು ತಿಂಗಳ ಮಗಳು ಖಾಲಿ ಡಬ್ಬದೊಳಗೆ ಕೂತು ರಟ್ಟಿನ ಚೂರು ಕಚ್ಚುತ್ತಿದ್ದಳು. ನಾನು ಫಾರಂ ಕೊಟ್ಟು, ಎದುರು ಸ್ಟೂಲಿನ ಮೇಲೆ ಗಡಿಯಾರ ನೋಡುತ್ತಾ ಕೂತೆ. ಆರು ನಿಮಿಷದಲ್ಲಿ ಮುಗಿಯಬೇಕಾದದ್ದಕ್ಕೆ ಅತ್ತಿಗೆ ಹತ್ತೊಂಬತ್ತು ನಿಮಿಷ ತೆಗೆದುಕೊಂಡರು. ಹದಿನಾಲ್ಕರಲ್ಲಿ ಬಹಳ ಹೊತ್ತು ನಿಂತರು. ‘ಇಲ್ಲಿ ತಡ, ಭಾಷೆ ಕ್ಲಿಷ್ಟ’ ಎಂದು ಬರೆದುಕೊಂಡೆ. ಮುಗಿದ ಮೇಲೆ ನಾನು ಕೇಳಿದ್ದು ಒಂದೇ ಪ್ರಶ್ನೆ.

“ಎಲ್ಲಾ ಅರ್ಥ ಆಯ್ತಾ ಅತ್ತಿಗೆ?”

“ಆಯ್ತು. ಎಲ್ಲಾ ಅರ್ಥ ಆಯ್ತು.”

ಅವರ ವಾಕ್ಯ ಓದಿ ನಾನು ಕುಣಿದಾಡಿಬಿಟ್ಟೆ. ‘ಅತ್ತಿಗೆ, ನೀವು ಓದಿದ್ರೆ ನನ್ನ ಕೆಲಸ ಹೋಗ್ತಿತ್ತು’ ಎಂದು ಹಾಸ್ಯ ಮಾಡಿದೆ. ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನು ಬಚ್ಚಲಲ್ಲಿ ಬಿತ್ತಂತೆ. ನಾನು ಬಿದ್ದದ್ದು ಗೊತ್ತಾಗಲಿಕ್ಕೆ ಮೂವತ್ತೊಂದು ವರ್ಷ ಬೇಕಾಯಿತು.

ಹಳೆಯ ಕತೆ, ಮುಗಿದುಹೋಯಿತು ಎನ್ನುವ ಹಾಗೂ ಇರಲಿಲ್ಲ. ಅಣ್ಣ ಹೋಗಿ ಹತ್ತು ತಿಂಗಳಾಗಿತ್ತು. ಅಂಗಡಿಯನ್ನು ಈಗ ಅಂದು ಡಬ್ಬದಲ್ಲಿ ಕೂತಿದ್ದ ಮಗಳೇ ನೋಡಿಕೊಳ್ಳುತ್ತಾಳೆ. ಎರಡು ತಿಂಗಳ ಹಿಂದೆ ಅವಳು ಫೋನ್ ಮಾಡಿ, “ಚಿಕ್ಕಪ್ಪಾ, ಅಮ್ಮ ಮಾತೇ ಕಮ್ಮಿ ಮಾಡಿದಾಳೆ. ಬೆಳಿಗ್ಗೆ ಒಂಬತ್ತಾದ್ರೂ ಕೆಳಗೆ ಬರಲ್ಲ. ರಟ್ಟು ಕತ್ತರಿಸಿದ್ರೆ ಅಳತೆ ತಪ್ಪುತ್ತೆ” ಎಂದಿದ್ದಳು. ಅತ್ತಿಗೆಗೆ ಅಳತೆ ತಪ್ಪುವುದೆಂದರೆ ಏನು ಎಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತು. ಆದರೂ ನಾನು ದೊಡ್ಡ ಮನುಷ್ಯನ ಹಾಗೆ, “ದುಃಖ ಅಲ್ವೇನಮ್ಮಾ, ಸಹಜ. ಒಂದು ವರ್ಷ ಹಿಡಿಯುತ್ತೆ” ಎಂದು ಫೋನ್ ಇಟ್ಟಿದ್ದೆ. ಬೇರೆ ಯಾರ ಮನೆಯಿಂದ ಇಂಥ ಫೋನ್ ಬಂದಿದ್ದರೂ ಅದೇ ಸಂಜೆ ಕರೆದುಕೊಂಡು ಬನ್ನಿ ಎನ್ನುತ್ತಿದ್ದೆ. ನಮ್ಮ ಮನೆಯವರು ಗಟ್ಟಿ ಎಂಬ ಹುಚ್ಚು ನಂಬಿಕೆ ನನ್ನದು.

ಆ ಹಾಳೆಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಮಾರನೆಯ ದಿನ ಅಂಗಡಿಗೆ ಹೋದೆ. ಸುಮ್ಮನೆ ಹೋಗಲು ಧೈರ್ಯ ಸಾಲದೆ, ಫ್ರೇಮ್ ಹಾಕಿಸುವ ನೆಪಕ್ಕೆ ನನ್ನ ಡಿಗ್ರಿ ಸರ್ಟಿಫಿಕೇಟನ್ನೂ ತೆಗೆದುಕೊಂಡಿದ್ದೆ. ಅತ್ತಿಗೆ ಹಿಂದಿನ ಕೋಣೆಯಲ್ಲಿ ಅದೇ ಮೇಜಿನ ಮುಂದೆ ಕೂತಿದ್ದರು. ಮೊದಲಿಗಿಂತ ಇಳಿದಿದ್ದರು. ಕನ್ನಡಕ ಹಣೆಯ ಮೇಲಿತ್ತು, ಕೈ ಖಾಲಿ ಇತ್ತು.

“ಮೂವತ್ತು ವರ್ಷ ಆದ್ಮೇಲೆ ಡಿಗ್ರಿಗೆ ಫ್ರೇಮಾ?” ಎಂದರು. “ಯಾರಾದ್ರೂ ಸುಳ್ಳು ಡಿಗ್ರಿ ಅಂದ್ರಾ?”

“ನಿವೃತ್ತಿ ಆಗ್ತಿದೀನಲ್ಲ ಅತ್ತಿಗೆ. ಮನೇಲಿ ನೋಡ್ಕೊಂಡು ಕೂರೋಕೆ.”

ಅವರು ನಕ್ಕರು. ಆ ನಗು ತುಟಿಯಿಂದ ಮೇಲೆ ಹೋಗಲಿಲ್ಲ. ನಾನು ಅಂಚಿನ ಬಣ್ಣ, ಗಾಜಿನ ದಪ್ಪ, ಹಿಂದಿನ ಮೊಳೆ ಎಲ್ಲ ವಿಚಾರಿಸಿದೆ. ನಿದ್ದೆ ಹೇಗೆ ಬರುತ್ತೆ ಎಂದು ಕೇಳಿದೆ. ‘ಬರುತ್ತೆ’ ಎಂದರು. ಊಟ? ‘ಮಾಡ್ತೀನಿ.’ ನನ್ನ ತರಗತಿಯಲ್ಲಿ ಹೀಗೆ ಅಡ್ಡಗೋಡೆ ಮೇಲೆ ದೀಪ ಇಡುವ ವಿದ್ಯಾರ್ಥಿಗಳನ್ನು ಎದ್ದು ನಿಲ್ಲಿಸಿ ಬೈಯುತ್ತಿದ್ದೆ. ಹದಿನಾಲ್ಕನ್ನು ನೇರವಾಗಿ ಕೇಳಿ, ದನಿ ತಗ್ಗಿಸಬೇಡಿ, ಕಾಗದದ ಕಡೆ ನೋಡಬೇಡಿ, ಮುಖ ನೋಡಿ. ಕೇಳಿದರೆ ಯಾರ ತಲೆಗೂ ಹೊಸದಾಗಿ ಆ ಯೋಚನೆ ಬರುವುದಿಲ್ಲ, ಮೊದಲೇ ಇದ್ದರೆ ಹೊರೆ ಇಳಿಯುತ್ತದೆ ಎಂದು ಪ್ರತಿ ವರ್ಷ ಅದೇ ಪಾಠ ಮಾಡಿದ್ದೇನೆ. ನಾನು ಸರ್ಟಿಫಿಕೇಟು ಕೊಟ್ಟು, ಟೀ ಕುಡಿದು, ಬಸ್ಸು ಹತ್ತಿದೆ.

ಎರಡು ದಿನ ಬಿಟ್ಟು ಮತ್ತೆ ಹೋದೆ. ಫ್ರೇಮ್ ಆಗಿದೆಯೇ ಎಂದು ಕೇಳಿದೆ. ಆಗಿರಲಿಲ್ಲ. ಅಂಗಡಿಗೆ ಯಾರೋ ಬಂದರು, ಮಗಳು ಅಳತೆ ಕೇಳಲು ಒಳಗೆ ಬಂದಳು, ನನ್ನ ಬಾಯಿ ತೆರೆಯಲಿಲ್ಲ. ಹೋದ ಪುಟ್ಟ ಬಂದ ಪುಟ್ಟ. ಬಸ್ಸಿನಲ್ಲಿ ಕೂತು ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು. ಕೇಳಲು ಆಗದ್ದು ಅವರಿಗೆ ನೋವಾದೀತು ಎಂದಲ್ಲ. ‘ಹೌದು’ ಎಂದುಬಿಟ್ಟರೆ ಅಂದು ನಾನು ಏನು ಮಾಡುತ್ತಿದ್ದೆ ಎಂಬುದಕ್ಕೆ ಉತ್ತರ ಕೊಡಬೇಕಾಗುತ್ತದಲ್ಲ, ಆ ಹೆದರಿಕೆ. ಮಾರನೆಯ ಬೆಳಿಗ್ಗೆ ಮೂರನೆಯ ಸಲ ಹೋದೆ. ಮಗಳಿಗೆ, “ಅರ್ಧ ಗಂಟೆ ಒಳಗೆ ಯಾರನ್ನೂ ಬಿಡಬೇಡಮ್ಮಾ” ಎಂದು ಹೇಳಿ ಹಿಂದಿನ ಕೋಣೆಯ ಬಾಗಿಲು ಮುಚ್ಚಿದೆ.

ಅತ್ತಿಗೆ ನನ್ನ ಸರ್ಟಿಫಿಕೇಟಿಗೆ ರಟ್ಟು ಕತ್ತರಿಸುತ್ತಿದ್ದರು.

“ಏನಯ್ಯಾ ಡಾಕ್ಟ್ರೇ, ವಾರಕ್ಕೆ ಮೂರು ಸಲ. ಫ್ರೇಮ್ ಮೇಲೆ ಇಷ್ಟು ಪ್ರೀತಿ ಯಾವಾಗಿಂದ?”

ನಾನು ಜೇಬಿನಿಂದ ಹಾಳೆ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟೆ. ಅವರು ಕನ್ನಡಕ ಇಳಿಸಿ ನೋಡಿದರು. ಗುರುತಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

“ಇದಿನ್ನೂ ಇಟ್ಕೊಂಡಿದೀಯಾ?”

“ಅತ್ತಿಗೆ, ಇದನ್ನ ನಾನು ಆವತ್ತು ನೋಡ್ಲಿಲ್ಲ.”

“ನೋಡಿದ್ಯಲ್ಲ. ಕೆಂಪು ಪೆನ್ನಲ್ಲಿ ಬರೆದಿದೀಯಲ್ಲ.”

“ಮಾತು ನೋಡಿದೆ. ನೀವು ಹಾಕಿದ ಗುರುತು ನೋಡ್ಲಿಲ್ಲ. ಟ್ರಯಲ್ ಫಾರಂ ಉತ್ತರ ನಾವು ನೋಡಲ್ಲ. ಮೊನ್ನೆ ಸೋಮವಾರ ನೋಡಿದೆ.”

ಅವರು ಕಟ್ಟರನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು. ಹೊರಗೆ ಅವರ ಮಗಳು ಯಾರಿಗೋ ಗಾಜಿನ ಅಳತೆ ಹೇಳುತ್ತಿದ್ದಳು.

“ನೋಡ್ಲೇ ಇಲ್ವಾ?” ಎಂದರು. “ನಾನು ಇಷ್ಟು ವರ್ಷ ಏನಂದ್ಕೊಂಡಿದ್ದೆ ಗೊತ್ತಾ? ನೋಡಿದಾನೆ, ಎಲ್ಲಾ ಗೊತ್ತು ಇವನಿಗೆ, ನಿಮ್ಮಣ್ಣನಿಗೆ ಹೇಳಿದ್ರೆ ಮನೇಲಿ ರಂಪ ಆಗುತ್ತೆ ಅಂತ ಮುಚ್ಚಿಟ್ಟಿದಾನೆ ಅಂದ್ಕೊಂಡಿದ್ದೆ. ಎಂಟು ತಿಂಗಳ ಮಗು ಇದೆ, ಚಿನ್ನದಂಥ ಗಂಡ, ಹೊಟ್ಟೆಗೆ ಬಟ್ಟೆಗೆ ಕಮ್ಮಿ ಇಲ್ಲ. ಏನಕ್ಕೆ ಹೀಗೆ ಅಂದ್ರೆ ಏನು ಹೇಳ್ಲಿ? ಕಾರಣಾನೇ ಇರ್ಲಿಲ್ಲ. ನನ್ನ ಮಾನ ಉಳಿಸಿದ ಅಂತ ನಿನ್ನ ಮೇಲೆ ಎಷ್ಟು ಅಭಿಮಾನ ಇತ್ತು ನಂಗೆ. ಊಟಕ್ಕೆ ಕೂತಾಗ ನಿನ್ನ ತಟ್ಟೆಗೆ ಮೊದಲು ಬಡಿಸ್ತಿದ್ದೆ, ನೆನಪಿದ್ಯಾ? ನಿಮ್ಮಣ್ಣ ರೇಗ್ತಿದ್ರು.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಬೈಗುಳಕ್ಕೆ ತಯಾರಾಗಿಯೇ ಹೋಗಿದ್ದೆ. ಆದರೆ ಮಾಡದ ಉಪಕಾರಕ್ಕೆ ಮೂವತ್ತೊಂದು ವರ್ಷ ನಾನು ಮೊದಲು ಬಡಿಸಿಕೊಂಡು ಉಂಡಿದ್ದೆ. ನನಗೆ ಅಳು ಬಂತು, ಮುಚ್ಚಿಕೊಳ್ಳಲಿಲ್ಲ.

“ತಪ್ಪಾಯ್ತು ಅತ್ತಿಗೆ.”

“ಬಿಡು. ಅದು ಹೋಯ್ತು. ಎರಡು ವರ್ಷ ಹಿಡೀತು, ತಾನಾಗೇ ತಿಳಿಯಾಯ್ತು.”

ತಾನಾಗೇ ತಿಳಿಯಾದವರ ಲೆಕ್ಕ ನನ್ನ ಹತ್ತಿರ ಇದೆ. ಆಗದವರದ್ದೂ ಇದೆ. ಆ ಎರಡು ವರ್ಷ ನಾನು ಇದೇ ಮನೆಯ ಮೇಲಿನ ಕೋಣೆಯಲ್ಲಿ ಕೂತು ಖಿನ್ನತೆಯ ಮೇಲೆ ಪ್ರಬಂಧ ಬರೆಯುತ್ತಿದ್ದೆ. ಮಧ್ಯೆ ಮಧ್ಯೆ ‘ಅತ್ತಿಗೆ, ಟೀ’ ಎಂದು ಕೂಗುತ್ತಿದ್ದೆ. ಅದನ್ನು ನೆನೆದು ಕಣ್ಣು ಒರೆಸಿಕೊಂಡು, ಹಾಳೆಯನ್ನು ಪಕ್ಕಕ್ಕೆ ಸರಿಸಿದೆ. ಅವರ ಮುಖ ನೋಡಿದೆ.

“ಈಗ ಕೇಳ್ತೀನಿ. ಈ ಎರಡು ವಾರದಲ್ಲಿ, ಬೆಳಿಗ್ಗೆ ಎಚ್ಚರ ಆಗದಿದ್ರೇ ಚೆನ್ನಾಗಿತ್ತು ಅನ್ನಿಸಿದೆಯಾ?”

ಅತ್ತಿಗೆ ಮೇಜಿನ ಮೇಲಿನ ರಟ್ಟಿನ ಚೂರುಗಳನ್ನು ಅಂಗೈಯಿಂದ ಒಂದು ಕಡೆಗೆ ಗುಡಿಸಿದರು. ನಾನು ಕಾಯುತ್ತಾ ಕೂತೆ, ಗಡಿಯಾರ ನೋಡಲಿಲ್ಲ.

“ಅರ್ಧಕ್ಕಿಂತ ಹೆಚ್ಚು ದಿನ,” ಎಂದರು.

“ಏನಾದ್ರೂ ಮಾಡ್ಕೋಬೇಕು ಅಂತ?”

“ಇಲ್ಲ, ಅದಿಲ್ಲ. ನಿನ್ನಾಣೆ ಇಲ್ಲ. ಏಳೋದು ಬೇಡ ಅನ್ಸುತ್ತೆ, ಅಷ್ಟೇ. ನಿಮ್ಮಣ್ಣ ಹೋಗಿದ್ದಕ್ಕೆ ಅಂತ ಎಲ್ರೂ ಅಂತಾರೆ. ಅದು ಬೇರೆ, ಇದು ಬೇರೆ. ಅವರಿಗೋಸ್ಕರ ಅತ್ತರೆ ಹಗುರ ಆಗುತ್ತೆ. ಇದಕ್ಕೆ ಅಳೂನೂ ಬರಲ್ಲ. ಇದು ಹಳೇದು. ಬಾಗಿಲಲ್ಲಿ ನೋಡಿದ ತಕ್ಷಣ ಗುರುತು ಸಿಕ್ತು ನಂಗೆ.”

ನಲವತ್ತು ಸಂಪುಟ ಓದಿದರೂ ದುಃಖಕ್ಕೂ ಖಿನ್ನತೆಗೂ ಇರುವ ಅಂತರವನ್ನು ಇದಕ್ಕಿಂತ ಚೆನ್ನಾಗಿ ಯಾರೂ ನನಗೆ ಹೇಳಿಲ್ಲ. ಈ ಸಲ ಅದನ್ನು ಬರೆದುಕೊಳ್ಳಲಿಲ್ಲ. ನಮ್ಮವರಿಗೆ ನಾವೇ ಚಿಕಿತ್ಸೆ ಮಾಡುವಂತಿಲ್ಲ ಎಂದು ಹೇಳಿ, ನನ್ನ ಸಹೋದ್ಯೋಗಿಯೊಬ್ಬರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಒಳ್ಳೆಯ ಹೆಂಗಸು, ಮಾತಿಗಿಂತ ಕಿವಿ ಜಾಸ್ತಿ. ಅದೇ ದಿನ ಮಧ್ಯಾಹ್ನ ಮೂರಕ್ಕೆ ಕರೆದುಕೊಂಡು ಬನ್ನಿ ಎಂದರು.

“ಹೋಗ್ಲೇಬೇಕಾ?” ಎಂದರು ಅತ್ತಿಗೆ.

“ಹೋಗ್ಲೇಬೇಕು. ತಾನಾಗೇ ತಿಳಿ ಆಗೋದನ್ನ ಇನ್ನೆರಡು ವರ್ಷ ಕಾಯೋಕೆ ನನ್ನಿಂದಾಗಲ್ಲ.”

ಅವರು ಹಾಳೆಯನ್ನು ಮತ್ತೆ ಹತ್ತಿರ ಎಳೆದುಕೊಂಡು ತಮ್ಮದೇ ಅಕ್ಷರದ ಮೇಲೆ ಬೆರಳಾಡಿಸಿದರು.

“ಇದನ್ನ ಬೇರೆಯವರಿಗೂ ಕೇಳಿದ್ಯಾ? ನನ್ನ ಮಾತಲ್ಲೇ?”

“ಕೇಳಿದೀನಿ.”

“ಯಾರಾದ್ರೂ ಹೌದು ಅಂದ್ರಾ?”

“ಒಂಬತ್ತು ಸಾವಿರದ ನಾನೂರ ಹನ್ನೆರಡು ಜನ.”

ಅತ್ತಿಗೆ ನಾನು ತಮಾಷೆ ಮಾಡುತ್ತಿದ್ದೇನೆಯೇ ಎಂದು ನೋಡಿದರು. ಆಮೇಲೆ ಸಂಖ್ಯೆಯನ್ನು ಮೆಲ್ಲಗೆ ತಮ್ಮಷ್ಟಕ್ಕೆ ಹೇಳಿಕೊಂಡರು, ಅಳತೆ ಬರೆದುಕೊಳ್ಳುವ ಮುನ್ನ ಬಾಯಲ್ಲಿ ಹೇಳಿಕೊಳ್ಳುವ ಹಾಗೆ.

“ನಾನೊಬ್ಳೇ ಅಂದ್ಕೊಂಡಿದ್ನಲ್ಲೋ,” ಎಂದರು. ಅಳು ಬರುವುದಿಲ್ಲ ಎಂದವರ ಕಣ್ಣು ತುಂಬಿತು.

ಮಧ್ಯಾಹ್ನ ಸಹೋದ್ಯೋಗಿಯ ಕೋಣೆಯೊಳಗೆ ಅವರು ಒಂದೂಕಾಲು ಗಂಟೆ ಇದ್ದರು. ನಾನು ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಮೂವತ್ತೊಂದು ವರ್ಷದಲ್ಲಿ ಆ ಬೆಂಚಿನ ಮೇಲೆ ಕೂತದ್ದು ಅದೇ ಮೊದಲು, ಬಹಳ ಗಟ್ಟಿ ಬೆಂಚು. ಅತ್ತಿಗೆ ಹೊರಗೆ ಬಂದು ಮಾತ್ರೆ ಚೀಟಿ ನನ್ನ ಕೈಗೆ ಕೊಟ್ಟು, ವಾರಕ್ಕೊಂದು ಸಲ ಬರಬೇಕಂತೆ ಎಂದರು. ಬಸ್ಸಿನಲ್ಲಿ ಬರುವಾಗ, ಹಗಲು ಹೇಗೋ ಹೋಗುತ್ತದೆ, ಬೆಳಿಗ್ಗೆ ಕಣ್ಣು ಬಿಟ್ಟ ಮೇಲಿನ ಒಂದು ಗಂಟೆಯೇ ಕಷ್ಟ ಎಂದು, ನಾನು ಕೇಳದೆಯೇ ಹೇಳಿದರು. ಎಷ್ಟು ಹೊತ್ತಿಗೆ ಎಚ್ಚರವಾಗುತ್ತದೆ ಎಂದು ಕೇಳಿದೆ. ಆರೂವರೆಗೆ ಎಂದರು.

ಮಾರನೆಯ ದಿನ ಆರೂ ಇಪ್ಪತ್ತೈದಕ್ಕೆ ಮೆಟ್ಟಿಲು ಹತ್ತಿ ಬಾಗಿಲ ಮುಂದೆ ನಿಂತೆ. ತಟ್ಟಲು ಎತ್ತಿದ ಕೈ ಇಳಿಸಿ, ಆರೂವರೆ ಆಗಲಿ ಎಂದು ಐದು ನಿಮಿಷ ಕಾದೆ. ಬೀದಿಯಲ್ಲಿ ಅಂಗಡಿಗಳು ಇನ್ನೂ ತೆರೆದಿರಲಿಲ್ಲ. ತಟ್ಟಿದೆ. ಒಳಗೆ ಏನೂ ಕೇಳಲಿಲ್ಲ. ನಾನು ಬದುಕಿನಲ್ಲಿ ಎಷ್ಟೋ ಫಲಿತಾಂಶಕ್ಕೆ ಕಾದಿದ್ದೇನೆ, ಆ ಬಾಗಿಲ ಮುಂದೆ ಕಾದ ಹಾಗೆ ಯಾವುದಕ್ಕೂ ಕಾದಿಲ್ಲ. ಮತ್ತೊಮ್ಮೆ ತಟ್ಟಿದೆ. ಹಾಸಿಗೆ ಸರಿದ ಸದ್ದು, ಚಪ್ಪಲಿ ಎಳೆದ ಸದ್ದು, ಚಿಲಕ. ಅತ್ತಿಗೆ ಕೆದರಿದ ಕೂದಲಲ್ಲಿ, ಒಂದು ಕೈಯಲ್ಲಿ ಕನ್ನಡಕ ಹಿಡಿದುಕೊಂಡು ನಿಂತಿದ್ದರು.

“ಎದ್ದೆ ಕಣಯ್ಯಾ,” ಎಂದರು. “ಒಳಗೆ ಬಾ.”